ಮನೆಯಲ್ಲಿ ಕಟ್ಟಿದ ವಾಲ್ವ್ ಆಂಪ್ಲಿಫೈಯರ್: ಮೊದಲ ಕರೆಂಟ್‌ನಿಂದ ಹಮ್ ಅಡಗುವವರೆಗೆ

ಆಂಪ್ಲಿಫೈಯರ್ ಕಟ್ಟಿ ಮುಗಿಸಿದವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಕೊನೆಯ ಸೋಲ್ಡರ್ ಆರುವ ಮೊದಲೇ ವಾಲ್ವ್ (ಗಾಜಿನ ಎಲೆಕ್ಟ್ರಾನ್ ಟ್ಯೂಬ್) ಚುಚ್ಚಿ, ಸ್ಪೀಕರ್ ಸಿಕ್ಕಿಸಿ ಸ್ವಿಚ್ ಹಾಕಿಬಿಡುತ್ತಾರೆ. ಆಮೇಲೆ ಹೊಗೆ ಬಂತು, ಇಲ್ಲವೇ ಕುಂಯ್ ಅಂತು, ಇಲ್ಲವೇ ಏನೂ ಆಗಲಿಲ್ಲ. ತಪ್ಪು ಟ್ರಾನ್ಸ್‌ಫಾರ್ಮರ್‌ನಲ್ಲಿದೆಯೋ, ಡಯೋಡ್‌ನಲ್ಲೋ, ವಾಲ್ವ್‌ನಲ್ಲೋ ಹೇಳುವುದು ಆಗ ಯಾರಿಗೂ ಸುಲಭವಲ್ಲ. ಮೊದಲು ಪವರ್, ನಂತರ ವಾಲ್ವ್, ಕಡೆಗೆ ಸದ್ದು: ಈ ಕ್ರಮ ಹಿಡಿದರೆ ಪ್ರತಿ ಹಂತದಲ್ಲೂ ಹುಡುಕಬೇಕಾದ ಜಾಗ ಚಿಕ್ಕದಾಗುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಒಂದು ಇಸಿಸಿ83 (ಸಿಗ್ನಲ್ ಹಿಗ್ಗಿಸುವ ಮೊದಲ ವಾಲ್ವ್, ಒಳಗೆ ಎರಡು ಭಾಗ), ಒಂದು ಇಎಲ್84 (ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್) ಇರುವ ಸಿಂಗಲ್ ಎಂಡೆಡ್ (ಔಟ್‌ಪುಟ್‌ಗೆ ಒಂದೇ ವಾಲ್ವ್ ದುಡಿಯುವ) ಮೋನೊ ಸರ್ಕ್ಯೂಟ್. ಎಚ್‌ಟಿಗೆ (ಹೈ ಟೆನ್ಷನ್, ಅಂದರೆ ವಾಲ್ವ್‌ಗೆ ಬೇಕಾದ ಹೆಚ್ಚಿನ ಡಿಸಿ ವೋಲ್ಟೇಜ್) 220-0-220 ವೋಲ್ಟ್ ವೈಂಡಿಂಗ್, ಎರಡು ಸಿಲಿಕಾನ್ ಡಯೋಡ್, ವಾಲ್ವ್ ಕಾಯಿಸುವ ಹೀಟರ್‌ಗೆ 6.3 ವೋಲ್ಟ್, 2 ಆಂಪ್. ನಿಮ್ಮದು ಬೇರೆ ವಾಲ್ವ್ ಆದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಮಲ್ಟಿಮೀಟರ್ ಒಳ್ಳೆಯದಿರಲಿ. ಎಲ್ಲರ ಮನೆಯಲ್ಲೂ ಇರುವ ಹಳದಿ ಬಣ್ಣದ ಅಗ್ಗದ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ 1 ಮೆಗಾಓಮ್ ಮಾತ್ರ. 470 ಕಿಲೋಓಮ್ ಇರುವ ಗ್ರಿಡ್‌ಗೆ (ವಾಲ್ವ್‌ನಲ್ಲಿ ಸಿಗ್ನಲ್ ಹೊಗುವ ಪಿನ್) ಅದನ್ನು ಹಚ್ಚಿದರೆ ನಿಜವಾದ ವೋಲ್ಟೇಜ್‌ನ ಮೂರನೇ ಒಂದು ಭಾಗ ಅಲ್ಲೇ ಮಾಯ. 10 ಮೆಗಾಓಮ್‌ನ, 600 ವೋಲ್ಟ್ ಕ್ಯಾಟ್-3 (ಮೀಟರ್‌ನ ಸುರಕ್ಷತೆಯ ದರ್ಜೆ) ಎಂದು ಬರೆದಿರುವ ಮೀಟರ್ ಕೊಳ್ಳಿ. ಅದರಲ್ಲಿ 2 ವೋಲ್ಟ್‌ನ ಎಸಿ ರೇಂಜ್ ಇದ್ದರೆ ಇನ್ನೂ ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಎರಡನೆಯದು ಸೀರೀಸ್ ಬೋರ್ಡ್: ಶಾರ್ಟ್ ಇದ್ದರೆ ಅದರ ಬಲ್ಬ್ ಉರಿದು ಕರೆಂಟನ್ನು ತಡೆದು ಹಿಡಿಯುತ್ತದೆ. ಫೇಸ್ ವೈರ್‌ನಲ್ಲಿ ಸರಣಿಯಾಗಿ ಒಂದು ಹೋಲ್ಡರ್, ಮುಂದೆ ಒಂದು ಸಾಕೆಟ್, ಅಷ್ಟೇ. ಬೋರ್‌ವೆಲ್ ಪಂಪಿನ ಮೋಟಾರ್ ಸುತ್ತುವ ಯಾವ ಅಂಗಡಿಗೆ ಹೋದರೂ ಗೋಡೆಯ ಮೇಲೆ ಇದು ಕಾಣುತ್ತದೆ. ಅದಕ್ಕೆ 60 ಮತ್ತು 100 ವ್ಯಾಟ್‌ನ ಹಳೆ ಕಾಲದ ತಂತಿ ಬಲ್ಬ್ ಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಉಳಿದಂತೆ 8.2 ಓಮ್, 10 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್ (ಸ್ಪೀಕರ್ ಬದಲಿಗೆ), 4.7 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ಗೆ ಎರಡೂ ಕಡೆ ಇನ್ಸುಲೇಟೆಡ್ ಕ್ಲಿಪ್ ಹಾಕಿದ ವೈರ್ (ಚಾರ್ಜ್ ಇಳಿಸಲು), ಒಂದು ಸಪೂರ ಬಿದಿರಿನ ಕಡ್ಡಿ, ಮತ್ತು ಒಂದು ನೋಟ್‌ಬುಕ್. ನೋಟ್‌ಬುಕ್ ಅಂದದ್ದು ತಮಾಷೆಗಲ್ಲ. ಅಳತೆ ಬರೆದಿಡದವನು ಅದೇ ಪಿನ್ನನ್ನು ನಾಲ್ಕು ಸಲ ಅಳೆಯುತ್ತಾನೆ, ಪ್ರತಿ ಸಲವೂ ಜೀವ ಕೈಯಲ್ಲಿ ಹಿಡಿದು.

## ಜೀವದ ಮಾತು

ಈ ಚಾಸಿಯೊಳಗೆ (ಎಲ್ಲವನ್ನೂ ಕೂರಿಸಿದ ಲೋಹದ ಪೆಟ್ಟಿಗೆ) 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಇರುತ್ತದೆ. 47 ಮೈಕ್ರೋಫ್ಯಾರಡ್‌ನ ಎರಡು ಫಿಲ್ಟರ್ ಕೆಪಾಸಿಟರ್ 300 ವೋಲ್ಟ್‌ನಲ್ಲಿ ಹಿಡಿದಿಡುವುದು 4 ಜೌಲ್‌ಗೂ ಮಿಕ್ಕಿದ ಶಕ್ತಿ. ಮೊದಲ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೋಓಮ್, 2 ವ್ಯಾಟ್‌ನ ಬ್ಲೀಡರ್ (ಚಾರ್ಜನ್ನು ತಾನಾಗೇ ಇಳಿಸುವ ರೆಸಿಸ್ಟರ್) ಕಾಯಂ ಆಗಿ ಹಾಕಿ. ಹಾಕಿದರೂ ಅದು ಪೂರ್ತಿ ಖಾಲಿಯಾಗಲು ಎರಡು ನಿಮಿಷದ ಹತ್ತಿರ ಹಿಡಿಯುತ್ತದೆ. ಆದ್ದರಿಂದ ಪ್ಲಗ್ ಕೀಳಿ, ಎರಡು ನಿಮಿಷ ಕಾಯಿರಿ, 4.7 ಕಿಲೋಓಮ್ ವೈರ್ ಹಚ್ಚಿ, ಮೀಟರ್‌ನಲ್ಲಿ 5 ವೋಲ್ಟ್‌ಗಿಂತ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್ ಇಟ್ಟು ಚಟ್ ಎನ್ನಿಸುವ ಅಭ್ಯಾಸ ಬಿಡಿ. ಕೆಪಾಸಿಟರ್ ಹಾಳು, ಕಣ್ಣಿಗೂ ಅಪಾಯ.

ಅಳೆಯುವಾಗ ಮೀಟರ್‌ನ ಕಪ್ಪು ವೈರನ್ನು ಚಾಸಿಗೆ ಕ್ಲಿಪ್ ಮಾಡಿ, ಕೆಂಪನ್ನು ಬಲಗೈಯಲ್ಲಿ ಹಿಡಿಯಿರಿ, ಎಡಗೈ ಜೇಬಿನಲ್ಲಿರಲಿ. ಬರಿಗಾಲಲ್ಲಿ, ರೆಡ್‌ಆಕ್ಸೈಡ್ ನೆಲದ ಮೇಲೆ ಕೂತು ಈ ಕೆಲಸ ಮಾಡಬೇಡಿ. ಮನೆಯಲ್ಲಿ ಒಬ್ಬರಾದರೂ ಎಚ್ಚರವಿರುವ ಹೊತ್ತಿನಲ್ಲೇ ಮಾಡಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ತೋರಿಸಿಡಿ.

ಚಾಸಿಗೆ ಅರ್ತ್ ಕಡ್ಡಾಯ. ನಮ್ಮ ದಾವಣಗೆರೆಯ ಹಳೆ ಪೇಟೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅದರ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಮೀಟರ್‌ನಲ್ಲಿ ಫೇಸ್‌ಗೂ ಅರ್ತ್‌ಗೂ ನಡುವೆ 230ರ ಸುತ್ತ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ಅರ್ತ್ ಗಟ್ಟಿ ಅಂತಲೂ ಅಲ್ಲ, ಒಣಗಿದ ಅರ್ತ್ ಗುಂಡಿಯೂ ಮೀಟರ್‌ಗೆ ಅಷ್ಟೇ ತೋರಿಸುತ್ತದೆ. ವೈರ್‌ಮನ್ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ.

## ಹಂತ 1: ಕರೆಂಟ್ ಕೊಡದೆ

ವಾಲ್ವ್ ಎಲ್ಲವನ್ನೂ ಹೊರಗಿಡಿ. ಡ್ರಾಯಿಂಗ್ ಪಕ್ಕದಲ್ಲಿಟ್ಟು ಒಂದೊಂದು ವೈರನ್ನೂ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಬನ್ನಿ. ಸಾಕೆಟ್ಟನ್ನು ಕೆಳಗಿನಿಂದ ನೋಡಿದಾಗ ಪಿನ್ನಿನ ಎಣಿಕೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗುತ್ತದೆ. ಮೇಲಿನಿಂದ ನೋಡಿ ಎಣಿಸಿದರೆ ಇಡೀ ಸಾಕೆಟ್ ಕನ್ನಡಿಬಿಂಬವಾಗುತ್ತದೆ. ಮೊದಲ ಸಲ ಕಟ್ಟುವವರ ಅತಿ ಸಾಮಾನ್ಯ ತಪ್ಪು ಇದೇ.

ಇಎಲ್84ರಲ್ಲಿ 2 ಗ್ರಿಡ್, 3 ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ಜಾಗ), 4-5 ಹೀಟರ್, 7 ಪ್ಲೇಟ್ (ಅವನ್ನು ಸೆಳೆಯುವುದು), 9 ಸ್ಕ್ರೀನ್ (ನಡುವಿನ ಎರಡನೇ ಗ್ರಿಡ್). ಇಸಿಸಿ83ರ ಹೀಟರ್‌ನಲ್ಲಿ ಗೊಂದಲ ಹೆಚ್ಚು: 6.3 ವೋಲ್ಟ್‌ಗೆ 4 ಮತ್ತು 5 ಸೇರಿಸಿ ಒಂದು ತುದಿ, 9 ಇನ್ನೊಂದು ತುದಿ. 4-5ರ ನಡುವೆ 6.3 ಕೊಟ್ಟರೆ ವಾಲ್ವ್ ಅರೆ ಉರಿಯಲ್ಲಿ ಮಂಕಾಗಿ ಕೂರುತ್ತದೆ, ಸದ್ದು ಸಣ್ಣಗೆ ಒಡೆದು ಬರುತ್ತದೆ. ಜನ ಆಗ ಕೆಪಾಸಿಟರ್ ಬದಲಿಸುತ್ತಾ ಕೂರುತ್ತಾರೆ.

ಎಚ್‌ಟಿ ಪ್ಲಸ್‌ನಿಂದ ಚಾಸಿಗೆ ರೆಸಿಸ್ಟೆನ್ಸ್ ಅಳೆಯಿರಿ. ಅಂಕಿ ನಿಧಾನಕ್ಕೆ ಏರುತ್ತಾ ಬ್ಲೀಡರ್‌ನ 220 ಕಿಲೋಓಮ್ ಹತ್ತಿರ ನಿಲ್ಲಬೇಕು. ಕೆಲವೇ ಕಿಲೋಓಮ್‌ನಲ್ಲಿ ಅಂಟಿಕೊಂಡಿದ್ದರೆ ಎಲ್ಲೋ ಶಾರ್ಟ್ ಇದೆ, ಅಥವಾ ಎಲೆಕ್ಟ್ರೋಲಿಟಿಕ್ ಉಲ್ಟಾ ಕೂತಿದೆ. ಮುಂದಕ್ಕೆ ಹೋಗಬೇಡಿ.

ಡಯೋಡ್ 1ಎನ್4007 ಆಗಿರಲಿ. ಸೆಂಟರ್ ಟ್ಯಾಪ್ ಸರ್ಕ್ಯೂಟ್‌ನಲ್ಲಿ ಪ್ರತಿ ಡಯೋಡ್ ಮೇಲೂ ಪೀಕ್ ವೋಲ್ಟೇಜ್‌ನ ಎರಡು ಪಟ್ಟು, ಅಂದರೆ 620ರಿಂದ 700 ವೋಲ್ಟ್ ಉಲ್ಟಾ ಬೀಳುತ್ತದೆ. ನೋಡಲು ಒಂದೇ ಥರ ಇರುವ 4004 ತಡೆಯುವುದು 400 ಮಾತ್ರ. ಎಚ್‌ಟಿ ಸಾಲಿನ ಕೆಪಾಸಿಟರ್ ಎಲ್ಲವೂ 450 ವೋಲ್ಟ್‌ನವು. "ಪ್ರೀಆಂಪ್ (ಇಸಿಸಿ83) ಕಡೆ 230 ವೋಲ್ಟ್ ತಾನೆ" ಎಂದು ಅಲ್ಲಿ 250 ವೋಲ್ಟ್‌ನದ್ದು ಹಾಕುವವರಿದ್ದಾರೆ. ವಾಲ್ವ್ ಬಿಸಿಯಾಗುವ ಮೊದಲ 15-20 ಸೆಕೆಂಡ್ ಎಲ್ಲೂ ಲೋಡ್ ಇರುವುದಿಲ್ಲ, ಎಲ್ಲ ಕೆಪಾಸಿಟರ್ ಮೇಲೂ ಪೂರ್ತಿ ಎಚ್‌ಟಿ ಕೂರುತ್ತದೆ.

ಇನ್ನು ಟ್ರಾನ್ಸ್‌ಫಾರ್ಮರ್. ಊರಲ್ಲೇ ಸುತ್ತಿಸಿದ್ದಾದರೆ ಅದೇ ಅಂಗಡಿಯ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಪ್ರೈಮರಿಗೂ ಕೋರ್‌ಗೂ, ಪ್ರೈಮರಿಗೂ ಸೆಕೆಂಡರಿಗೂ ನೋಡಿಸಿ. 100 ಮೆಗಾಓಮ್ ಮೇಲಿದ್ದರೆ ನಿಶ್ಚಿಂತೆ, ಒಂದೆರಡು ಮೆಗಾಓಮ್ ತೋರಿಸಿದರೆ ಮತ್ತೆ ವಾರ್ನಿಶ್ ಮಾಡಿ ಒಣಗಿಸಬೇಕು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಮಾತ್ರ ಸುತ್ತುವವರ ಮಾತು ಕೇಳಬೇಡಿ. ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೆ 'ಇ' ಮತ್ತು 'ಐ' ಪಟ್ಟಿಗಳನ್ನು ಒಂದರ ಮೇಲೊಂದು ಅದಲುಬದಲು ಜೋಡಿಸುತ್ತಾರೆ, ಅವರ ಕೈಗೆ ಅದೇ ರೂಢಿ. ಸಿಂಗಲ್ ಎಂಡೆಡ್‌ನಲ್ಲಿ ಪ್ರೈಮರಿಯೊಳಗೆ ಸದಾ 45 ಮಿಲಿಆಂಪ್‌ನಷ್ಟು ಡಿಸಿ ಹರಿಯುತ್ತದೆ. ಹಾಗೆ ಜೋಡಿಸಿದರೆ ಕೋರ್ ಸ್ಯಾಚುರೇಟ್ ಆಗಿ ಮೃದಂಗದ ಎಡಗಡೆಯ ನಾದವೇ ಕೇಳುವುದಿಲ್ಲ. 'ಇ' ಎಲ್ಲ ಒಂದು ಕಡೆ, 'ಐ' ಎಲ್ಲ ಇನ್ನೊಂದು ಕಡೆ, ನಡುವೆ ತೆಳು ಕಾಗದ: ಹೀಗೇ ಬೇಕೆಂದು ಎದುರಿಗೆ ನಿಂತು ಹೇಳಿ.

ಸುತ್ತಿನ ಅನುಪಾತ ನೋಡಲು 6.3 ವೋಲ್ಟ್ ಎಸಿಯನ್ನು ಪ್ರೈಮರಿಗೆ ಕೊಟ್ಟು ಸೆಕೆಂಡರಿ ಅಳೆಯಿರಿ. 5.2 ಕಿಲೋಓಮ್‌ನಿಂದ 8 ಓಮ್‌ಗೆ ಅನುಪಾತ ಸುಮಾರು 25.5, ಆದ್ದರಿಂದ 0.25 ವೋಲ್ಟ್ ಬರಬೇಕು. ತಪ್ಪಿಯೂ ಆ 6.3ನ್ನು ಸೆಕೆಂಡರಿಗೆ ಕೊಡಬೇಡಿ, ಪ್ರೈಮರಿಯಲ್ಲಿ 160 ವೋಲ್ಟ್ ಎದ್ದು ನಿಲ್ಲುತ್ತದೆ.

## ಹಂತ 2: ವಾಲ್ವ್ ಇಲ್ಲದೆ ಪವರ್

500 ಮಿಲಿಆಂಪ್‌ನ ಸ್ಲೋ ಬ್ಲೋ ಫ್ಯೂಸ್ ಹಾಕಿ, ಸೀರೀಸ್ ಬೋರ್ಡ್‌ಗೆ 60 ವ್ಯಾಟ್ ಬಲ್ಬ್ ಹಾಕಿ, ಸ್ವಿಚ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಆರಿಹೋಗಬೇಕು. ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಎಚ್‌ಟಿ ವೈಂಡಿಂಗ್‌ನ ಎರಡೂ ತುದಿ ಬಿಡಿಸಿ ಮತ್ತೆ ನೋಡಿ. ಆಗ ಬಲ್ಬ್ ಆರಿದರೆ ತಪ್ಪು ಡಯೋಡ್ ಅಥವಾ ಕೆಪಾಸಿಟರ್‌ನಲ್ಲಿದೆ. ಇನ್ನೂ ಉರಿದರೆ ಹೀಟರ್ ವೈರಿಂಗ್ ಶಾರ್ಟ್, ಇಲ್ಲವೇ ಟ್ರಾನ್ಸ್‌ಫಾರ್ಮರ್ ಒಳಗೇ ಸುತ್ತು ಶಾರ್ಟ್ ಆಗಿದೆ.

ಸರಿ ಕಂಡರೆ ಬಲ್ಬ್ ತೆಗೆದು ನೇರ ಮೇನ್ಸ್ ಕೊಡಿ. ಮೊದಲು ಮೇನ್ಸ್ ಎಷ್ಟಿದೆ ಬರೆದುಕೊಳ್ಳಿ. ಸುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ಇಳಿದಿರುತ್ತದೆ, ನಡುರಾತ್ರಿ ಏರಿರುತ್ತದೆ. ಮೇನ್ಸ್ ಬರೆಯದ ಅಳತೆಗೆ ಅರ್ಥವಿಲ್ಲ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ಕೆಲಸ ನಿಲ್ಲಿಸಿ ಚಹಾ ಕುಡಿಯಿರಿ. ಸ್ಕ್ವೇರ್‌ವೇವ್ ಇನ್ವರ್ಟರ್‌ನ ಅಲೆಗೆ ಮೇನ್ಸ್‌ನಷ್ಟು ಎತ್ತರದ ಪೀಕ್ ಇರುವುದಿಲ್ಲ, ಎಚ್‌ಟಿ ದಿಢೀರ್ ಕಡಿಮೆ ತೋರುತ್ತದೆ, ಮಾಮೂಲಿ ಮೀಟರ್‌ನ ಎಸಿ ಅಂಕಿಯೂ ತಪ್ಪುತ್ತದೆ. ಇಲ್ಲದ ದೋಷ ಹುಡುಕುತ್ತಾ ರಾತ್ರಿ ಕಳೆಯುತ್ತೀರಿ.

ಲೋಡ್ ಇಲ್ಲದ ಈ ಸ್ಥಿತಿಯಲ್ಲಿ ಎಚ್‌ಟಿ 310ರಿಂದ 340, ಹೀಟರ್ 6.6ರಿಂದ 7 ವೋಲ್ಟ್ ಇರಬಹುದು. ಇಎಲ್84ರ 7 ಮತ್ತು 9ನೇ ಪಿನ್, ಇಸಿಸಿ83ರ 1 ಮತ್ತು 6ನೇ ಪಿನ್‌ಗಳಲ್ಲಿ ಎಚ್‌ಟಿ ಬರಬೇಕು. ಗ್ರಿಡ್, ಕ್ಯಾಥೋಡ್ ಪಿನ್‌ಗಳಲ್ಲಿ ಸೊನ್ನೆ. ಇಎಲ್84ರ 2ನೇ ಪಿನ್ನಿನಲ್ಲಿ ಅರ್ಧ ವೋಲ್ಟ್ ಕಂಡರೂ ಕಪ್ಲಿಂಗ್ ಕೆಪಾಸಿಟರ್ (ಇಸಿಸಿ83ರಿಂದ ಇಎಲ್84 ಗ್ರಿಡ್‌ಗೆ ಸಿಗ್ನಲ್ ದಾಟಿಸುವುದು) ಸೋರುತ್ತಿದೆ ಎಂದೇ ಅರ್ಥ, ಈಗಲೇ ಬದಲಿಸಿ. ಗುಜರಿ ರೇಡಿಯೊದಿಂದ ಕಿತ್ತ ಪೇಪರ್ ಕೆಪಾಸಿಟರ್ ಇಲ್ಲಿಗೆ ಬೇಡವೇ ಬೇಡ.

ಹತ್ತು ನಿಮಿಷ ಹಾಗೇ ಬಿಡಿ. ನಂತರ ಆಫ್ ಮಾಡಿ, ಚಾರ್ಜ್ ಇಳಿಸಿ, ಕೆಪಾಸಿಟರ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ಹಾಳು, ಅಥವಾ ಉಲ್ಟಾ.

## ಹಂತ 3: ವಾಲ್ವ್ ಹಾಕಿ

ಮೊದಲು ಸೆಕೆಂಡರಿಗೆ 8.2 ಓಮ್ ರೆಸಿಸ್ಟರ್ ಕಟ್ಟಿ. ಔಟ್‌ಪುಟ್‌ಗೆ ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಪ್ರೈಮರಿಯಲ್ಲಿ ವೋಲ್ಟೇಜ್ ಹುಚ್ಚೆದ್ದು ಒಳಗೇ ಕಿಡಿ ಹಾರುತ್ತದೆ, ಕಷ್ಟಪಟ್ಟು ಸುತ್ತಿಸಿದ್ದು ಹೋಯಿತು. ಫೀಡ್‌ಬ್ಯಾಕ್ ವೈರ್ (ಔಟ್‌ಪುಟ್‌ನ ಸ್ವಲ್ಪ ಪಾಲನ್ನು ಹಿಂದಕ್ಕೆ ತರುವುದು) ಇದ್ದರೆ ಒಂದು ಕಡೆ ಬಿಚ್ಚಿಡಿ, ಅದರ ಸರದಿ ಆಮೇಲೆ.

100 ವ್ಯಾಟ್ ಬಲ್ಬ್ ಸರಣಿಯಲ್ಲಿಟ್ಟು ಆನ್ ಮಾಡಿ, ಕೋಣೆಯ ದೀಪ ಆರಿಸಿ ವಾಲ್ವ್‌ಗಳನ್ನೇ ನೋಡಿ. ಎರಡೂ ಹೀಟರ್ ಕೆಂಡದ ಬಣ್ಣಕ್ಕೆ ಬರಬೇಕು. ಇಎಲ್84ರ ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಮಿನುಗು ಕಂಡರೆ ಅದು ಸಹಜ. ಪ್ಲೇಟಿನ ಒಳಗೆ, ಎಲೆಕ್ಟ್ರೋಡ್‌ಗಳ ನಡುವೆ ನೇರಳೆ ಮಂಜು ಕಂಡರೆ ಒಳಗೆ ಗ್ಯಾಸ್ ಇದೆ, ಆ ವಾಲ್ವ್ ಬಿಸಾಡಿ. ತಲೆಯ ಮೇಲಿನ ಬೆಳ್ಳಿ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ; ಅಂಥದ್ದನ್ನು ಸಾಕೆಟ್‌ಗೆ ಹಾಕುವುದೇ ಬೇಡ. ಪ್ಲೇಟ್ ಕೆಂಪಾಗುತ್ತಿದ್ದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಆಫ್ ಮಾಡಿ ಯೋಚಿಸಿ.

ಬಲ್ಬ್ ಸಣ್ಣಗೆ ಉರಿಯುತ್ತಾ ನಿಂತರೆ ತೆಗೆದು ನೇರ ಮೇನ್ಸ್ ಕೊಡಿ, ಐದು ನಿಮಿಷ ಬಿಟ್ಟು ಅಳೆಯಿರಿ. ಬರಬೇಕಾದದ್ದು ಸುಮಾರು ಹೀಗೆ:

- ಎಚ್‌ಟಿ, ಮೊದಲ ಕೆಪಾಸಿಟರ್: 280–290
- ಇಎಲ್84 ಪ್ಲೇಟ್: 260–275, ಕ್ಯಾಥೋಡ್: 7–9, ಗ್ರಿಡ್: 0
- ಇಸಿಸಿ83 ಪ್ಲೇಟ್ (100 ಕಿಲೋಓಮ್ ಲೋಡ್, 1.5 ಕಿಲೋಓಮ್ ಕ್ಯಾಥೋಡ್): 140–165, ಕ್ಯಾಥೋಡ್: 1.1–1.4
- ಹೀಟರ್: 6.3, 5.7ರಿಂದ 6.9ರೊಳಗೆ ಇರಲೇಬೇಕು

ಇಸಿಸಿ83 ಪ್ಲೇಟ್‌ನಲ್ಲಿ ಎಚ್‌ಟಿಯಷ್ಟೇ ವೋಲ್ಟ್ ಇದ್ದರೆ ಆ ಅರ್ಧದಲ್ಲಿ ಕರೆಂಟೇ ಹರಿಯುತ್ತಿಲ್ಲ: ಹೀಟರ್ ಇಲ್ಲ, ಅಥವಾ ಕ್ಯಾಥೋಡ್ ರೆಸಿಸ್ಟರ್ ಬಿಟ್ಟಿದೆ. ಸೊನ್ನೆ ಇದ್ದರೆ ಪ್ಲೇಟ್ ರೆಸಿಸ್ಟರ್ ಓಪನ್. ಎಚ್‌ಟಿ 30-40 ವೋಲ್ಟ್ ಕಡಿಮೆ ಬಂದು ಜೊತೆಗೆ ಹಮ್ (ಸದಾ ಕೇಳುವ ಗುಂಯ್ ಸದ್ದು) ಇದ್ದರೆ ಒಂದು ಡಯೋಡ್ ಕೆಲಸ ಮಾಡುತ್ತಿಲ್ಲ. ಲೋಡ್ ಇಲ್ಲದಾಗ ಇದು ಗೊತ್ತಾಗದು, ಒಂದೇ ಡಯೋಡ್ ಆದರೂ ಕೆಪಾಸಿಟರ್ ಪೀಕ್‌ವರೆಗೆ ತುಂಬಿಬಿಡುತ್ತದೆ.

## ಹಂತ 4: ಇಎಲ್84ರ ಲೆಕ್ಕ

ಎಲ್ಲರೂ ಹಾರಿಸುವ ಹಂತ ಇದು. ಸದ್ದು ಬರುತ್ತಿದೆಯಲ್ಲ ಎಂದು ಬಿಟ್ಟರೆ ಕೆಲವೇ ತಿಂಗಳಲ್ಲಿ ವಾಲ್ವ್ ಸೊರಗುತ್ತದೆ.

ಕ್ಯಾಥೋಡ್ ವೋಲ್ಟೇಜನ್ನು ಕ್ಯಾಥೋಡ್ ರೆಸಿಸ್ಟರ್‌ನಿಂದ ಭಾಗಿಸಿ. 150 ಓಮ್ ಮೇಲೆ 8.4 ವೋಲ್ಟ್ ಬಂದರೆ 56 ಮಿಲಿಆಂಪ್. ಇದರಲ್ಲಿ ಸ್ಕ್ರೀನ್ ಪಾಲು ಸುಮಾರು 5.5 ಕಳೆದರೆ ಪ್ಲೇಟ್‌ಗೆ 50.5. ಪ್ಲೇಟ್‌ಗೂ ಕ್ಯಾಥೋಡ್‌ಗೂ ನಡುವೆ 255 ವೋಲ್ಟ್ ಇದ್ದರೆ ಗುಣಿಸಿ: 12.9 ವ್ಯಾಟ್. ಇಎಲ್84ರ ಮಿತಿ 12 ವ್ಯಾಟ್. ಅಂದರೆ ಕ್ಯಾಥೋಡ್ ರೆಸಿಸ್ಟರನ್ನು 180 ಓಮ್‌ಗೆ ಏರಿಸಿ ಮತ್ತೆ ಅಳೆಯಬೇಕು. 11ರ ಹತ್ತಿರ ಬಂದರೆ ನನಗೆ ತೃಪ್ತಿ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ 10% ರೆಸಿಸ್ಟರ್ ಆದರೆ ಅದರ ಮೇಲೆ ಬರೆದ ಅಂಕಿಗಿಂತ ಮೀಟರ್ ತೋರಿಸಿದ ಅಂಕಿಯಲ್ಲೇ ಲೆಕ್ಕ ಮಾಡಿ.

ಹದಿನೈದು ನಿಮಿಷ ಬಿಟ್ಟು ಕ್ಯಾಥೋಡ್ ವೋಲ್ಟೇಜ್ ಮತ್ತೆ ನೋಡಿ. ನಿಂತಲ್ಲಿ ನಿಲ್ಲದೆ ಏರುತ್ತಲೇ ಇದ್ದರೆ ಗ್ರಿಡ್ ಅಳೆಯಿರಿ. ಅಲ್ಲಿ ಪಾಸಿಟಿವ್ ವೋಲ್ಟ್ ಇದ್ದರೆ, ಆಫ್ ಮಾಡಿ ಚಾರ್ಜ್ ಇಳಿಸಿ, ಕಪ್ಲಿಂಗ್ ಕೆಪಾಸಿಟರ್‌ನ ಒಂದು ಕಾಲು ಬಿಚ್ಚಿ ಮತ್ತೆ ನೋಡಿ. ವೋಲ್ಟ್ ಮಾಯವಾದರೆ ಕೆಪಾಸಿಟರ್ ಕಳ್ಳ, ಉಳಿದರೆ ವಾಲ್ವ್ ಕಳ್ಳ. ಗ್ರಿಡ್‌ನಿಂದ ಗ್ರೌಂಡ್‌ಗೆ ಇರುವ ಗ್ರಿಡ್ ಲೀಕ್ ರೆಸಿಸ್ಟರ್ ಸೋಲ್ಡರ್ ಬಿಟ್ಟಿದ್ದರೂ ಇದೇ ಲಕ್ಷಣ.

## ಹಂತ 5: ಸದ್ದು, ನಂತರ ಫೀಡ್‌ಬ್ಯಾಕ್

ಹಳೆಯದೊಂದು ಸ್ಪೀಕರ್ ಹಾಕಿ. ಮೊಬೈಲ್‌ನಲ್ಲಿ 400 ಹರ್ಟ್ಸ್ ಟೋನ್ ಹಚ್ಚಿ, ಹೆಡ್‌ಫೋನ್ ಜ್ಯಾಕ್‌ನಿಂದ ಸಿಗ್ನಲ್ ತನ್ನಿ. ಮೊಬೈಲ್‌ಗೆ ಚಾರ್ಜರ್ ಹಾಕಿರಬೇಡಿ, ಅದರ ಗಿರ್ರ್ ಸದ್ದನ್ನು ನಿಮ್ಮ ಆಂಪ್ಲಿಫೈಯರ್‌ನ ತಪ್ಪು ಅಂದುಕೊಳ್ಳುತ್ತೀರಿ.

ಸದ್ದೇ ಇಲ್ಲದಿದ್ದರೆ ಹಿಂದಿನಿಂದ ಮುಂದಕ್ಕೆ ಬನ್ನಿ. 0.1 ಮೈಕ್ರೋಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಮೂಲಕ ಟೋನನ್ನು ಇಎಲ್84 ಗ್ರಿಡ್‌ಗೆ ಕೊಟ್ಟರೆ ಸಣ್ಣ ದನಿ ಬರಬೇಕು. ಬಂದರೆ ಇಸಿಸಿ83ರ ಎರಡನೇ ಗ್ರಿಡ್, ನಂತರ ಮೊದಲನೇ ಗ್ರಿಡ್, ನಂತರ ವಾಲ್ಯೂಮ್ ಕಂಟ್ರೋಲ್. ಎಲ್ಲಿ ದನಿ ನಿಂತಿತೋ ಅದರ ಹಿಂದಿನ ಬಿಂದುವಿಗೂ ಅದಕ್ಕೂ ನಡುವೆ ದೋಷ. ಕ್ಲಿಪ್ ಬದಲಿಸುವ ಪ್ರತಿ ಸಲವೂ ಆಫ್ ಮಾಡಿ ಚಾರ್ಜ್ ಇಳಿಸಿ, ಬೇಸರವೇ, ಆದರೂ.

ಚೆನ್ನಾಗಿ ಕೇಳಿದ ಮೇಲೆ ಫೀಡ್‌ಬ್ಯಾಕ್ ವೈರ್ ಜೋಡಿಸಿ. ದನಿ ಕಡಿಮೆಯಾದರೆ ಸರಿ. "ಅಣ್ಣಾ, ಆನ್ ಮಾಡಿದ ಕೂಡ್ಲೇ ಕುಂಯ್ ಅಂತು" ಎಂದು ಬರುವ ಫೋನ್‌ಗಳಲ್ಲಿ ಹೆಚ್ಚಿನವು ಇದರದ್ದೇ: ಫೀಡ್‌ಬ್ಯಾಕ್ ಉಲ್ಟಾ ಆಗಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ವೈರ್ ಎರಡನ್ನೂ ಅದಲುಬದಲು ಮಾಡಿದರೆ ಮುಗಿಯಿತು.

## ಹಂತ 6: ಹಮ್

ಹಮ್ ಎರಡು ಬಗೆ. ದಪ್ಪನೆಯ, ಮೆತ್ತಗಿನ ಗುಂಯ್ ಆದರೆ 50 ಹರ್ಟ್ಸ್. ಅದು ಹೀಟರ್, ಗ್ರಿಡ್ ವೈರ್, ಅಥವಾ ಟ್ರಾನ್ಸ್‌ಫಾರ್ಮರ್‌ನ ಕಾಂತದಿಂದ ಬರುತ್ತದೆ. ಸ್ವಲ್ಪ ಮೇಲಿನ ಶ್ರುತಿಯ, ಕೊರೆಯುವ ಸದ್ದು 100 ಹರ್ಟ್ಸ್. ಅದು ಫಿಲ್ಟರ್‌ನದ್ದು, ಇಲ್ಲವೇ ಗ್ರೌಂಡ್ ವೈರಿಂಗ್‌ನದ್ದು.

ಇಸಿಸಿ83 ಕಿತ್ತು ಕೇಳಿ. ಹಮ್ ಉಳಿದರೆ ಪವರ್ ಸಪ್ಲೈ ಅಥವಾ ಇಎಲ್84 ಭಾಗ. ಹೋದರೆ ಇಸಿಸಿ83 ಇರುವ ಮುಂಭಾಗ. ಅಲ್ಲಿ ಮೊದಲು ಹೀಟರ್ ನೋಡಿ. ಎರಡೂ ವೈರ್ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿಕೊಂಡು ಹೋಗಬೇಕು. ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ ಇಲ್ಲದಿದ್ದರೆ ಎರಡೂ ತುದಿಯಿಂದ 100 ಓಮ್‌ನ ಒಂದೊಂದು ರೆಸಿಸ್ಟರ್ ಗ್ರೌಂಡ್‌ಗೆ. ಇದನ್ನು ಮರೆತ ಸೆಟ್‌ಗಳ ಹಮ್ ಐದು ನಿಮಿಷದಲ್ಲಿ ಅಡಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಗ್ರೌಂಡ್‌ನಲ್ಲಿ ಒಂದು ನಿಯಮ ಸಾಕು: ಎಚ್‌ಟಿ ವೈಂಡಿಂಗ್‌ನ ಸೆಂಟರ್ ಟ್ಯಾಪ್ ನೇರ ಮೊದಲ ಕೆಪಾಸಿಟರ್‌ನ ಮೈನಸ್‌ಗೆ ಬರಲಿ, ಅಲ್ಲಿಂದ ಮುಂದಕ್ಕೆ ಗ್ರೌಂಡ್ ಹೊರಡಲಿ. ಆ ಟ್ಯಾಪನ್ನು ಕೈಗೆ ಸಿಕ್ಕ ಚಾಸಿ ಸ್ಕ್ರೂಗೆ ಕಟ್ಟಿದರೆ ಚಾರ್ಜಿಂಗ್ ಕರೆಂಟ್ ಚಾಸಿಯುದ್ದಕ್ಕೂ ಓಡಾಡಿ 100 ಹರ್ಟ್ಸ್ ಕೊರೆತ ಶುರು. ಚಾಸಿಗೆ ಗ್ರೌಂಡ್ ಸೇರುವುದು ಇನ್‌ಪುಟ್ ಸಾಕೆಟ್ ಹತ್ತಿರ ಒಂದೇ ಕಡೆ. ಹಮ್ ನಿಲ್ಲಿಸಲು ಮೇನ್ಸ್ ಅರ್ತ್ ಬಿಚ್ಚುವ ಸಲಹೆ ಯಾರಾದರೂ ಕೊಟ್ಟರೆ ಅವರ ಬೇರೆ ಸಲಹೆಗಳನ್ನೂ ಕೇಳಬೇಡಿ.

ಎರಡು ಟ್ರಾನ್ಸ್‌ಫಾರ್ಮರ್ ಅಕ್ಕಪಕ್ಕ ಇದ್ದರೆ, ಔಟ್‌ಪುಟ್ಟನ್ನು ಬಿಚ್ಚಿ ಸೆಕೆಂಡರಿಗೆ ಹೆಡ್‌ಫೋನ್ ಕಟ್ಟಿ, ಮೇನ್ಸ್ ಟ್ರಾನ್ಸ್‌ಫಾರ್ಮರ್ ಮಾತ್ರ ಆನ್ ಮಾಡಿ, ಔಟ್‌ಪುಟ್ಟನ್ನು ತಿರುಗಿಸುತ್ತಾ ಕೇಳಿ. ಒಂದು ಕೋನದಲ್ಲಿ ಹಮ್ ಬಹುತೇಕ ಸತ್ತುಹೋಗುತ್ತದೆ. ಅಲ್ಲೇ ತೂತು ಕೊರೆಯಿರಿ. ಚಾಸಿ ಕೊರೆಯುವ ಮೊದಲೇ ಈ ಪರೀಕ್ಷೆ ಮಾಡಿದವರು ಜಾಣರು.

## ಹಂತ 7: ಉಳಿದ ಕಾಟಗಳು

ಡುಗು-ಡುಗು-ಡುಗು ಎಂದು ಬುಲೆಟ್ ಬೈಕ್ ನಿಂತಲ್ಲೇ ಓಡಿದಂತೆ ಸದ್ದು ಬಂದರೆ ಎಚ್‌ಟಿ ಡಿಕಪ್ಲಿಂಗ್ (ಒಂದು ಭಾಗದ ಏರಿಳಿತ ಇನ್ನೊಂದಕ್ಕೆ ಹೋಗದಂತೆ ತಡೆಯುವ ಫಿಲ್ಟರ್) ಸಾಲದು; ಇಸಿಸಿ83 ಕಡೆಯ ಎಲೆಕ್ಟ್ರೋಲಿಟಿಕ್ ಬದಲಿಸಿ ನೋಡಿ.

ಹಾಡಿನ ಹಿಂದೆ ಭದ್ರಾವತಿ ಆಕಾಶವಾಣಿ ಮೆಲ್ಲಗೆ ಮಾತಾಡುತ್ತಿದ್ದರೆ ಗಾಬರಿ ಬೇಡ. 675 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಸಿಗ್ನಲ್ ಇನ್‌ಪುಟ್ ವೈರ್ ಹಿಡಿದು ಬಂದು ಮೊದಲ ಗ್ರಿಡ್‌ನಲ್ಲಿ ಡಿಟೆಕ್ಟ್ ಆಗುತ್ತಿದೆ. ಇಸಿಸಿ83 ಗ್ರಿಡ್ ಪಿನ್ನಿಗೆ ತಾಗಿಯೇ 33 ಕಿಲೋಓಮ್ ಸ್ಟಾಪರ್ ರೆಸಿಸ್ಟರ್ ಹಾಕಿ, ಇನ್‌ಪುಟ್‌ಗೆ ಶೀಲ್ಡ್ ವೈರ್ ಬಳಸಿ. ಇಎಲ್84 ಗ್ರಿಡ್‌ಗೂ 1 ಕಿಲೋಓಮ್ ಸ್ಟಾಪರ್ ಪಿನ್ನಿನ ಮೇಲೇ ಇರಲಿ. ಇಲ್ಲದಿದ್ದರೆ ಕಿವಿಗೆ ಕೇಳದ ಆಸಿಲೇಶನ್ ಆಗಿ, ಹಾಡು ಒರಟಾಗಿ, ವಾಲ್ವ್ ಸುಮ್ಮನೆ ಬಿಸಿಯಾಗುತ್ತದೆ.

ಚರಪರ ಸದ್ದಿಗೆ ಬಿದಿರಿನ ಕಡ್ಡಿ. ಆನ್ ಇರುವಾಗ ಒಂದೊಂದು ಜಾಯಿಂಟನ್ನೂ ಅದರಿಂದ ಮೆಲ್ಲಗೆ ತಟ್ಟಿ. ಸದ್ದು ಜಿಗಿಯುವ ಕಡೆ ಡ್ರೈ ಸೋಲ್ಡರ್. ಸಾಕೆಟ್ ಬಳಿ ಜಿಗಿದರೆ ಪಿನ್ ಸಡಿಲ ಅಥವಾ ಕೊಳೆ. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಗಳಲ್ಲಿ ಮಸಿ ಬೇಗ ಕೂರುತ್ತದೆ, ಚಿತ್ರದುರ್ಗದ ಕಡೆ ಗಾಳಿಯ ಧೂಳು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ವಾಲ್ವನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ, ಪೂರ್ತಿ ಆರಿದ ಮೇಲೆ ಕರೆಂಟ್ ಕೊಡಿ.

## ಹಂತ 8: ಎರಡು ಗಂಟೆ, ಅದೂ ರಾತ್ರಿ

ಮೇನ್ಸ್ ಏರಿರುವ ರಾತ್ರಿ ಹೊತ್ತಿನಲ್ಲಿ ಎರಡು ಗಂಟೆ ಓಡಿಸಿ, ಎದ್ದು ಹೋಗಬೇಡಿ. ಅರ್ಧ ಗಂಟೆಗೊಮ್ಮೆ ಮೇನ್ಸ್, ಎಚ್‌ಟಿ, ಕ್ಯಾಥೋಡ್, ಹೀಟರ್ ಬರೆಯಿರಿ. ಕೊನೆಗೆ ಆಫ್ ಮಾಡಿ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಡಿ. ಐದು ಸೆಕೆಂಡ್ ಇಡಲಾಗದಷ್ಟು ಸುಡುತ್ತಿದ್ದರೆ ಅದು ಸಣ್ಣದಾಯಿತು, ಅಥವಾ ಸುತ್ತು ಕಡಿಮೆಯಾಗಿದೆ.

ಹೀಟರ್ 6.8ರ ಮೇಲೆ ನಿಂತಿದ್ದರೆ ಎರಡೂ ಕಾಲಿಗೆ 0.22 ಓಮ್, 2 ವ್ಯಾಟ್‌ನ ಒಂದೊಂದು ರೆಸಿಸ್ಟರ್ ಹಾಕಿ. ಎರಡೂ ವಾಲ್ವ್ ಸೇರಿ ಎಳೆಯುವುದು 1.06 ಆಂಪ್, ಹಾಗಾಗಿ ಅರ್ಧ ವೋಲ್ಟ್‌ಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ಅದೇ ರಾತ್ರಿಯ ಮೇನ್ಸ್‌ನಲ್ಲಿ ಇಎಲ್84ರ ವ್ಯಾಟ್ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಹಗಲು 11 ಇದ್ದದ್ದು ರಾತ್ರಿ 12 ದಾಟಿದರೆ ಕ್ಯಾಥೋಡ್ ರೆಸಿಸ್ಟರ್ ಇನ್ನೊಂದು ಮೆಟ್ಟಿಲು ಮೇಲೇರಬೇಕು, 200 ಅಥವಾ 220 ಓಮ್‌ಗೆ. ಎಲ್ಲ ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ತಳದ ಮುಚ್ಚಳದ ಒಳಬದಿಗೆ ಅಂಟಿಸಿ, ಆಮೇಲೆ ಮುಚ್ಚಳ ಹಾಕಿ.